ಎರಡು ಕುರ್ಚಿ, ಒಂದು ಕ್ಲಿಪ್: ಮಂಗಳೂರಿನಲ್ಲಿ ರಾಜಕೀಯ ವಿಡಂಬನೆ ಮಾಡಿದ ನನ್ನ ಅನುಭವ

"ಮಾರಾಯ್ರೆ, ನಮ್ಮ ಊರಲ್ಲಿ ಇದೆಲ್ಲ ನಡೀಲಿಕ್ಕಿಲ್ಲ. ಎರಡನೇ ವಾರ ಚಾನೆಲ್‌ನವರೇ ನಿಲ್ಲಿಸ್ತಾರೆ" - ಕೇಬಲ್ ಟಿವಿಯಲ್ಲಿ ರಾಜಕೀಯ ವಿಡಂಬನೆಯ ಕಾರ್ಯಕ್ರಮ ಮಾಡ್ತೇನೆ ಎಂದಾಗ ಹೀಗೆಂದವರು ಒಬ್ಬಿಬ್ಬರಲ್ಲ. ಈಗ 200ರ ಹತ್ತಿರ ಕಂತು ಆಗಿದೆ. ವಾರಕ್ಕೊಂದು, 12 ನಿಮಿಷ. ಶನಿವಾರ ಕೇಬಲ್‌ನಲ್ಲಿ, ಮರುದಿನ ಯೂಟ್ಯೂಬ್‌ನಲ್ಲಿ. ಕೊರೋನಾ ಸಮಯ ಬಿಟ್ಟರೆ ನಿಂತದ್ದಿಲ್ಲ.

ಮೊದಲ 14 ಕಂತು ಮಾತ್ರ ಪೂರ್ತಿ ಹಾಳು. ನಾನು ಗಣೇಶೋತ್ಸವದ ಸ್ಟೇಜಿನಲ್ಲಿ ಮಿಮಿಕ್ರಿ ಮಾಡುತ್ತಿದ್ದವನು. ಅದನ್ನೇ ಟಿವಿಗೆ ತಂದೆ. ಜನ ಧ್ವನಿಗೆ ನಕ್ಕರು, ವಿಷಯ ಯಾರ ತಲೆಗೂ ಹೋಗಲಿಲ್ಲ. ಒಂದು ದಿನ ಒಬ್ಬ ನಾಯಕರ ಕಡೆಯವರೇ ಫೋನ್ ಮಾಡಿ, "ನಮ್ಮ ಕಾರ್ಯಕ್ರಮದಲ್ಲಿ ನಮ್ಮ ಸಾರ್‌ದೇ ಮಿಮಿಕ್ರಿ ಮಾಡಿ, 5,000 ಕೊಡ್ತೇವೆ" ಎಂದರು. ಹೋಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಯಾರನ್ನು ಪ್ರಶ್ನೆ ಮಾಡಬೇಕು ಅಂತ ಹೊರಟಿದ್ದೆನೋ, ಅವರಿಗೇ ನಾನು ಮನರಂಜನೆ ಆಗಿದ್ದೆ.

ಅಷ್ಟರಲ್ಲಿ ಕೈಯಿಂದ ಒಂದೂವರೆ ಲಕ್ಷ ಹೋಗಿತ್ತು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಕ್ಕೆ 40 ಸಾವಿರ. ಕೇಬಲ್ ಸ್ಲಾಟಿಗೆ ವಾರಕ್ಕೆ ಎರಡೂವರೆ ಸಾವಿರ. ನ್ಯೂಸ್‌ರೂಮ್ ಥರ ಕಾಣಲಿ ಅಂತ 18 ಸಾವಿರ ಕೊಟ್ಟು ಪ್ಲೈವುಡ್ ಮೇಜು ಮಾಡಿಸಿದೆ. ಜುಲೈ ಮಳೆಗೆ ಅದು ಉಬ್ಬಿ ಬಿರಿಯಿತು. ಒಂದು ಜವಳಿ ಅಂಗಡಿಯವರು ಸ್ಪಾನ್ಸರ್ ಮಾಡಿ ಎರಡೇ ವಾರಕ್ಕೆ ಕೈ ಎತ್ತಿದರು. 8 ಸಾವಿರ ಇನ್ನೂ ಬರಲಿಕ್ಕುಂಟು.

ಆಗ ಬಾಸೆಮ್ ಯೂಸುಫ್ ಅವರ ಕೆಲಸವನ್ನು ಪೆನ್ನು ಹಿಡಿದು ಕೂತು ನೋಡಿದೆ. ಈಜಿಪ್ಟಿನ ಹೃದಯ ಶಸ್ತ್ರಚಿಕಿತ್ಸಕ. 2011ರಲ್ಲಿ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ವಿಡಿಯೋ ಮಾಡಿ ಶುರು ಮಾಡಿದವರು, ಆಮೇಲೆ ದೊಡ್ಡ ಟಿವಿ ಆಂಕರ್ ಆದರು. ಟಿವಿಯಲ್ಲಿ ಬಂದ ಕ್ಲಿಪ್ಪನ್ನೇ ಎತ್ತಿ ತೋರಿಸುವುದು ಅವರ ದಾರಿ. 2013ರಲ್ಲಿ ಒಂದು ಸರಕಾರ ಅವರನ್ನು ವಿಚಾರಣೆಗೆ ಕರೆಯಿತು. ಅದು ಬಿದ್ದು ಬೇರೆಯವರು ಬಂದ ಮೇಲೆ, 2014ರಲ್ಲಿ ಕಾರ್ಯಕ್ರಮವೇ ನಿಂತಿತು. ಕುರ್ಚಿಯಲ್ಲಿ ಯಾರು ಕೂತರೂ ನಗು ಅವರಿಗೆ ಚುಚ್ಚುತ್ತದೆ ಅಲ್ವಾ? ಅಂದಿನಿಂದ ನಾನು ಯಾವ ಪಕ್ಷವನ್ನೂ ಸತತ ಎರಡು ವಾರ ವಿಡಂಬನೆಗೆ ತೆಗೆದುಕೊಂಡಿಲ್ಲ.

ಆದರೆ ನನಗೆ ಕೈ ಹಿಡಿದದ್ದು ನಮ್ಮ ತಾಳಮದ್ದಳೆ. ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು ಅಷ್ಟೇ. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಕೌರವನ ಪಾತ್ರ ಮಾಡಿದರೆ ಕೌರವನನ್ನು ಲೇವಡಿ ಮಾಡುವುದಿಲ್ಲ, ಅವನ ಪರ ವಾದ ಮಾಡುತ್ತಾನೆ. ನಾನೂ ಹಾಗೇ ಮಾಡಿದೆ. ಮೇಜು ತೆಗೆದು ಎರಡು ಕುರ್ಚಿ ಇಟ್ಟೆ. ಮೊದಲು ನಾಯಕರ ಹಳೆಯ ಕ್ಲಿಪ್, ತಾರೀಕು ಸಮೇತ. ಆಮೇಲೆ ನನ್ನದೇ ಧ್ವನಿಯಲ್ಲಿ, ಮುಖದಲ್ಲಿ ನಗು ತಾರದೆ, ಅವರ ಪರ ನನ್ನ ವಾದ. ಎದುರು ವಾದಕ್ಕೆ, ಮಳೆಗಾಲದ ತಾಳಮದ್ದಳೆಗಳಲ್ಲಿ ಅರ್ಥ ಹೇಳುವ ನನ್ನ ಗೆಳೆಯ. ಅವನಿಗೆ ವಿಷಯ ಮಾತ್ರ ಗೊತ್ತು, ಸ್ಕ್ರಿಪ್ಟ್ ಇಲ್ಲ.

ಮೊದಲು ಹಿಡಿದದ್ದು ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್. 2010ರಲ್ಲಿ ಶುರುವಾದ ಕೆಲಸ, ತೆರೆದದ್ದು 2020ರ ಜನವರಿಯಲ್ಲಿ. ಹೇಳಿದ ಗಡುವುಗಳ ಪತ್ರಿಕೆ ತುಣುಕುಗಳದ್ದೇ ಒಂದು ದಪ್ಪ ಫೈಲ್ ಆಯಿತು. ಒಂದೊಂದನ್ನೇ ಓದಿ, "ಗಡುವು ಅಂದರೆ ಮಾತು ಕೊಟ್ಟದ್ದಲ್ಲ, ಅದೊಂದು ಆಸೆ" ಎಂದು ವಾದ ಮಾಡಿದೆ. ಗೆಳೆಯ ಕೇಳಿದ: "ಹಾಗಾದರೆ ನಾನು ಕಂಕನಾಡಿಗೆ ಹೋಗಲಿಕ್ಕೆ ಬಸ್ಸು ಹತ್ತಬೇಕಾ, ಆಸೆ ಹತ್ತಬೇಕಾ?" ನನಗೆ ಉತ್ತರ ಹೊಳೆಯಲಿಲ್ಲ. ಆ ಆರು ಸೆಕೆಂಡಿನ ಮೌನವನ್ನು ಎಡಿಟಿಂಗ್‌ನಲ್ಲಿ ಹಾಗೇ ಬಿಟ್ಟೆ. ಮೊದಲು 900 ಜನ ನೋಡುತ್ತಿದ್ದ ಕಾರ್ಯಕ್ರಮವನ್ನು ಎರಡೇ ದಿನದಲ್ಲಿ 40 ಸಾವಿರ ಜನ ನೋಡಿದರು. ನಡೀಲಿಕ್ಕಿಲ್ಲ ಎಂದವರೇ ಲಿಂಕ್ ಕಳಿಸಿದರು.

ಪಂಚ್ ಆದ ಮೇಲೆ ಚೆಂಡೆ ಬಾರಿಸಿಯೂ ನೋಡಿದೆ. ಅತಿ ಆಯಿತು. ಈಗ ಕ್ಲಿಪ್ ಮುಗಿದಾಗ ಯಕ್ಷಗಾನದ ಚಕ್ರತಾಳದ ಒಂದೇ ಪೆಟ್ಟು. ಮೂರು ಕಂತು ಪೂರ್ತಿ ತುಳುವಿನಲ್ಲಿ ಮಾಡಿದೆ. ಮಂಗಳೂರು, ಉಡುಪಿಯಲ್ಲಿ ಚೆನ್ನಾಗಿ ಓಡಿತು, ತುಳು ಬಾರದ ಕುಂದಾಪುರದ ಕಡೆಯವರು ಬಿಟ್ಟುಹೋದರು. ಈಗ ನನ್ನದು ಕನ್ನಡ. ಗೆಳೆಯನಿಗೆ ಸಿಟ್ಟು ಬಂದಾಗ ತುಳು ಬಂದರೆ ತಡೆಯುವುದಿಲ್ಲ.

ಮಳೆಗಾಲದಲ್ಲಿ ತಗಡಿನ ಶೀಟಿನ ಸದ್ದು ಕಾಲರ್ ಮೈಕನ್ನು ನುಂಗುತ್ತಿತ್ತು. ಗೋಣಿ ಕಟ್ಟಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ ಉರ್ವದಲ್ಲಿ ತಾರಸಿ ಇರುವ ಕೋಣೆಯೊಂದನ್ನು 3,500 ಬಾಡಿಗೆಗೆ ಹಿಡಿದೆ.

ಒಂದು ಸಲ ಲೀಗಲ್ ನೋಟಿಸ್ ಬಂತು. ನಾನು ಕ್ಲಿಪ್ಪನ್ನು ವಾಕ್ಯದ ಮಧ್ಯೆ ಎಂದೂ ಕತ್ತರಿಸುವುದಿಲ್ಲ, ಪೂರ್ತಿ ಭಾಷಣ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ವಕೀಲ ಗೆಳೆಯರ ಮೂಲಕ ಅದನ್ನೇ ಕಳಿಸಿದೆ. ಮತ್ತೆ ಸುದ್ದಿ ಇಲ್ಲ. ಹಳೆಯ ಕ್ಲಿಪ್ ಎಲ್ಲಿಂದ ಹುಡುಕುತ್ತೇನೆ ಎಂದು ಮಾತ್ರ ಕೇಳಬೇಡಿ. ಅದಕ್ಕೆ ಎರಡು ವರ್ಷ ಅಲೆದಿದ್ದೇನೆ.

ಈಗ ತಿಂಗಳಿಗೆ 22–24 ಸಾವಿರ ಬರುತ್ತದೆ, 15 ಸಾವಿರ ಖರ್ಚು. ದೊಡ್ಡ ಸ್ಪಾನ್ಸರ್ ಹಿಂದೆ ಹೋಗುವುದಿಲ್ಲ. ಹೋಟೆಲು, ಪ್ರಿಂಟಿಂಗ್ ಪ್ರೆಸ್ಸಿನಂಥ ಏಳೆಂಟು ಸಣ್ಣವರು ಸಾಕು. ಒಬ್ಬರು ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಈ ಮಳೆಗಾಲಕ್ಕೆ ಮೂರನೇ ಕುರ್ಚಿ ಇಡಬೇಕೆಂದಿದ್ದೇನೆ, ವಾರ್ಡಿನ ಒಬ್ಬ ಮತದಾರರಿಗೆ. ಎರಡು ಸಲ ಶೂಟ್ ಮಾಡಿ ನೋಡಿದೆವು. ಬಂದವರು ಕ್ಯಾಮೆರಾ ಕಂಡ ಕೂಡಲೇ ಭಾಷಣ ಶುರು ಮಾಡಿದರು. ಮುಂದಿನ ಸಲ ಕ್ಯಾಮೆರಾವನ್ನು ಅವರ ಬೆನ್ನ ಹಿಂದೆ ಇಟ್ಟು ನೋಡುತ್ತೇನೆ.