ಒಂದು ಕೆಂಪು ದಾರ, 14 ತುಣುಕು: ವಿಕಾಸ ಮತ್ತು ನಂಬಿಕೆ ಬಗ್ಗೆ ನಾವು ಮಾಡಿದ ಕಿರುಚಿತ್ರ

ನಮ್ಮ ಚಿತ್ರದ ಮೊದಲ ಆವೃತ್ತಿಯಲ್ಲಿ ಎರಡೇ ಬಟನ್ ಇದ್ದವು. 'ವಿಕಾಸ ನಿಜ', 'ದೇವರು ನಿಜ'. ನೋಡುವವರು ಒಂದನ್ನು ಒತ್ತಬೇಕು, ಕಥೆ ಆ ಕಡೆ ತಿರುಗುತ್ತದೆ. ನಾವು ಐದು ಜನ ವಿದ್ಯಾರ್ಥಿಗಳು ಮೂರು ವಾರ ಕೂತು ಬರೆದದ್ದು ಅದು. ಫೋನಿನಲ್ಲೇ ಕಚ್ಚಾ ಶೂಟ್ ಮಾಡಿ ಸಹಪಾಠಿಗಳಿಗೆ ತೋರಿಸಿದೆವು. ಎಲ್ಲರೂ ತಾವು ಮೊದಲೇ ಒಪ್ಪಿಕೊಂಡಿದ್ದ ಬಟನ್ನನ್ನೇ ಒತ್ತಿದರು. ಚಿತ್ರವೂ ಅವರಿಗೆ 'ನೀವು ಹೇಳಿದ್ದೇ ಸರಿ' ಎಂದಿತು. ಎದ್ದು ಹೋದರು. ಇನ್ನೊಂದು ದಾರಿಯಲ್ಲಿ ಏನಿದೆ ಅಂತ ನೋಡಲು ಒಬ್ಬರೂ ವಾಪಸ್ ಬರಲಿಲ್ಲ.

ಒಬ್ಬ ಗೆಳತಿ ಮಾತ್ರ ಯಾವುದನ್ನೂ ಒತ್ತದೆ ಕೂತಿದ್ದಳು. ಜೀವಶಾಸ್ತ್ರ ಓದುವವಳು, ದಿನಾ ಪ್ರಾರ್ಥನೆ ಮಾಡುವವಳು. "ನಂಗೆ ಒತ್ತೋಕೆ ಬಟನ್ನೇ ಇಲ್ವಲ್ಲ" ಅಂದಳು.

ಆ ರಾತ್ರಿಯೇ ಸ್ಕ್ರಿಪ್ಟ್ ಕಿತ್ತುಹಾಕಿದೆವು. ಅವಳನ್ನು ನಮ್ಮ ಜೊತೆ ಸೇರಿಸಿಕೊಂಡೆವು.

ಅವಳು ಮೊದಲು ಮಾಡಿದ ಕೆಲಸ ನಮ್ಮನ್ನು ಓದಲು ಕೂರಿಸಿದ್ದು. ಡಾರ್ವಿನ್ ಎಂದರೆ ದೇವರ ಮೇಲೆ ಯುದ್ಧ ಸಾರಿದವನು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಓದಿದರೆ ಬೇರೆಯೇ ಮನುಷ್ಯ ಸಿಕ್ಕಿದ. 1859ರಲ್ಲಿ ಅವನ ಪುಸ್ತಕ ಬಂದಾಗ ಅಮೆರಿಕದಲ್ಲಿ ಅವನ ಪರವಾಗಿ ಗಟ್ಟಿಯಾಗಿ ನಿಂತವನು ಸಸ್ಯವಿಜ್ಞಾನಿ ಏಸಾ ಗ್ರೇ. ಆತ ದೈವಭಕ್ತ ಕ್ರೈಸ್ತ. ಇಬ್ಬರೂ ಈ ವಿಷಯದ ಮೇಲೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಒಪ್ಪಲಿಲ್ಲ, ಸ್ನೇಹ ಬಿಡಲಿಲ್ಲ. ದೇವರನ್ನು ಗಾಢವಾಗಿ ನಂಬುವವನು ವಿಕಾಸವನ್ನೂ ಒಪ್ಪಬಹುದು ಎಂದು ಡಾರ್ವಿನ್ ತಾನೇ 1879ರಲ್ಲಿ ಒಂದು ಪತ್ರದಲ್ಲಿ ಬರೆದ. 20ನೇ ಶತಮಾನದಲ್ಲಿ ವಿಕಾಸವಾದವನ್ನು ತಳಿವಿಜ್ಞಾನದ ಜೊತೆ ಹೊಸೆದವರಲ್ಲಿ ಒಬ್ಬರಾದ ಥಿಯೊಡೋಸಿಯಸ್ ಡಾಬ್ಜಾನ್‌ಸ್ಕಿ ಕೂಡ ನಂಬಿಕಸ್ಥರೇ.

ಇನ್ನೊಂದು ಸಂಗತಿ ನಮ್ಮ ಕಥೆಯನ್ನೇ ಬದಲಿಸಿತು. ಡಾರ್ವಿನ್‌ನ ಮಗಳು ಆ್ಯನಿ 1851ರಲ್ಲಿ, 10ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವನ ನಂಬಿಕೆಯ ಮೇಲೆ ಆ ಸಾವು ಎಷ್ಟು ಕೆಲಸ ಮಾಡಿತು ಎಂಬುದರ ಬಗ್ಗೆ ಇತಿಹಾಸಕಾರರು ಈಗಲೂ ಒಂದೇ ಮಾತು ಹೇಳುವುದಿಲ್ಲ. ಆದರೆ ಒಳ್ಳೆಯ ದೇವರು ಇಷ್ಟೊಂದು ನೋವನ್ನು ಹೇಗೆ ಮಾಡಿದ ಎಂಬ ಪ್ರಶ್ನೆ ಅವನನ್ನು ಕಾಡಿದ್ದಂತೂ ನಿಜ. ಗ್ರೇಗೆ 1860ರಲ್ಲಿ ಬರೆದ ಪತ್ರದಲ್ಲಿ ಅದು ಇದೆ. ಜೀವಂತ ಹುಳುವನ್ನು ಒಳಗಿಂದ ತಿಂದು ಬೆಳೆಯುವ ಕಣಜದ ಮರಿಗಳ ಮಾತು ಅಲ್ಲಿ ಬರುತ್ತದೆ.

ಅಂದರೆ ಜಗಳ ಬರೀ 'ಮನುಷ್ಯ ಎಲ್ಲಿಂದ ಬಂದ' ಎಂಬುದರ ಮೇಲೆ ನಡೆಯುವುದಿಲ್ಲ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಕೂತಿರುತ್ತದೆ.

ಹೊಸ ಕಥೆ ಹೀಗಿದೆ. ಜೀವಶಾಸ್ತ್ರ ಓದುವ ಒಬ್ಬ ಹುಡುಗಿ, ಅವಳ ಅಜ್ಜಿ, ಒಂದೇ ಕೋಣೆ. ಮೊಮ್ಮಗಳು ತಾನು ಕಲಿತದ್ದನ್ನು ಉತ್ಸಾಹದಿಂದ ಹೇಳುತ್ತಾಳೆ. ಅಜ್ಜಿಗೆ ಎಷ್ಟೋ ವರ್ಷದ ಹಿಂದೆ ಒಂದು ಮಗು ಹೋಗಿದೆ. ಮೊಮ್ಮಗಳ ಮಾತು ಪೂರ್ತಿ ಕೇಳಿ ಅಜ್ಜಿ ಒಂದೇ ಮಾತು ಕೇಳುತ್ತಾಳೆ: "ಹಾಗಾದ್ರೆ ನನ್ನ ಮಗು ಎಲ್ಲಿಗೆ ಹೋಯ್ತು?"

ಅಲ್ಲಿ ಮೂರು ಬಟನ್ ಬರುತ್ತವೆ. 'ಗೊತ್ತಿಲ್ಲ ಅನ್ನು', 'ಸುಮ್ಮನಿರು', 'ಮಗುವಿನ ಬಗ್ಗೆ ಕೇಳು'.

ನಾವು ಹಾಕಿಕೊಂಡ ನಿಯಮ ಇಷ್ಟು: ವಿಜ್ಞಾನ ಬಟನ್ನಿಗೆ ತಕ್ಕಂತೆ ಬದಲಾಗಬಾರದು. ಯಾವ ದಾರಿಯಲ್ಲಿ ಬಂದರೂ ವಿಕಾಸದ ದೃಶ್ಯ ಒಂದೇ. ನೋಡುವವರು ಆರಿಸಬೇಕಾದ್ದು ಎದುರಿಗಿರುವ ಮನುಷ್ಯರ ಜೊತೆ ಹೇಗೆ ಮಾತಾಡುವುದು ಎಂಬುದನ್ನು ಮಾತ್ರ.

ಲೆಕ್ಕಕ್ಕೆ ಬರೋಣ. ಪ್ರತಿ ಕವಲಿಗೂ ಎರಡು ದಾರಿ, ಐದು ಕವಲು ಅಂತಿಟ್ಟುಕೊಳ್ಳಿ. ಕೊನೆಯಲ್ಲಿ 32 ಮುಕ್ತಾಯ. ಎಲ್ಲ ಸೇರಿ 63 ತುಣುಕು ಶೂಟ್ ಮಾಡಬೇಕು. ದುಡ್ಡೇ ಇಲ್ಲದವರಿಗೆ ಆಗುವ ಮಾತಲ್ಲ. 1967ರಲ್ಲಿ ಮಾಂಟ್ರಿಯಲ್‌ನ ವಿಶ್ವ ಮೇಳದಲ್ಲಿ ಜೆಕೊಸ್ಲೊವಾಕಿಯದ ರಾದೂಜ್ ಚಿಂಚೆರಾ ತೋರಿಸಿದ ಚಿತ್ರದಲ್ಲಿ ಪ್ರೇಕ್ಷಕರು ಕುರ್ಚಿಯ ಬಟನ್ ಒತ್ತಿ ಮತ ಹಾಕುತ್ತಿದ್ದರು. ಅಲ್ಲಿಯೂ ಕವಲುಗಳು ಮುಂದಿನ ಆಯ್ಕೆಯ ಹೊತ್ತಿಗೆ ಒಂದೇ ದಾರಿಗೆ ಬಂದು ಸೇರುತ್ತಿದ್ದವು. ನಾವೂ ಹಾಗೇ ಮಾಡಿದೆವು. ಆರಂಭ 1, ಮೊದಲ ಆಯ್ಕೆಗೆ 2, ಕೂಡುವ ದೃಶ್ಯ 1, ಎರಡನೇ ಆಯ್ಕೆಗೆ (ಅಜ್ಜಿಯ ಪ್ರಶ್ನೆ ಬರುವ ಜಾಗ) 3, ಮತ್ತೆ ಕೂಡುವ ದೃಶ್ಯ 1, ಮುಕ್ತಾಯ 6. ಒಟ್ಟು 14 ತುಣುಕು. ಒಬ್ಬರು ಒಂದು ಸಲ ನೋಡುವುದು 6.

ಕೂಡುವ ಜಾಗದಲ್ಲೇ ಪೆಟ್ಟು ಬಿತ್ತು. ಮೊದಲ ಆಯ್ಕೆಯಲ್ಲಿ 'ವಾದ ಮಾಡು' ಒತ್ತಿದರೆ ಮೊಮ್ಮಗಳು ಒರಟಾಗಿ ಮಾತಾಡುತ್ತಾಳೆ. ಮುಂದಿನ ದೃಶ್ಯ ಶುರುವಾಗುವುದು ಅಜ್ಜಿಯ ನಗುಮುಖದಿಂದ. "ಅಷ್ಟೆಲ್ಲಾ ಅಂದ ಮೇಲೆ ಅಜ್ಜಿ ಹೇಗೆ ನಗ್ತಾರೆ?" ಅಂತ ನೋಡಿದವರು ಕೇಳಿದರು. ಸರಿಯಾದ ಪ್ರಶ್ನೆ. ಕೊನೆಗೆ ಕೂಡುವ ದೃಶ್ಯಗಳನ್ನು ಮುಖವಿಲ್ಲದೆ ಶುರುಮಾಡಿದೆವು. ಬರೀ ಕೈಗಳು, ದಾರದ ಉಂಡೆ ಸುತ್ತುತ್ತಿರುವ ಕೈಗಳು. ಸಿಟ್ಟಿನಿಂದ ಬಂದವರಿಗೆ ಆ ಕೈ ನೊಂದಂತೆ ಕಾಣುತ್ತದೆ, ಸಮಾಧಾನದಿಂದ ಬಂದವರಿಗೆ ನೆಮ್ಮದಿಯಾಗಿ ಕಾಣುತ್ತದೆ.

ಆ ದಾರದ ಬಗ್ಗೆ ಹೇಳಲೇಬೇಕು. ವಿಕಾಸವನ್ನು ತೋರಿಸಲು ನಮ್ಮ ಹತ್ತಿರ ಪಳೆಯುಳಿಕೆ ಇರಲಿಲ್ಲ, ಅನಿಮೇಷನ್ ಮಾಡಲು ಬರುತ್ತಿರಲಿಲ್ಲ. ಮೊದಲ ಸ್ಕ್ರಿಪ್ಟಿನಲ್ಲಿ 'ಮಂಗನಿಂದ ಮಾನವ' ಎಂಬ ಸಾಲೂ ಇತ್ತು. ಅದು ತಪ್ಪು ಅಂತ ಗೆಳತಿ ತೆಗೆಸಿದಳು. ಚಿಂಪಾಂಜಿಗೂ ನಮಗೂ ಪೂರ್ವಜರು ಒಂದೇ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ ದಾರಿ ಬೇರೆಯಾಯಿತು, ಇಂದಿನ ಯಾವ ಮಂಗನಿಂದಲೂ ನಾವು ಬಂದಿಲ್ಲ. ಆಮೇಲೆ ಅವಳೇ ಒಂದು ನರದ ವಿಷಯ ಹೇಳಿದಳು. ನಮ್ಮ ದನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರ ಮಿದುಳಿಂದ ಹೊರಟು ನೇರವಾಗಿ ಗಂಟಲಿಗೆ ಹೋಗುವುದಿಲ್ಲ. ಎದೆಗೆ ಇಳಿಯುತ್ತದೆ. ಹೃದಯದ ಹತ್ತಿರ ಮಹಾಧಮನಿಯ ಕೆಳಗೆ ಸುತ್ತು ಹಾಕಿ ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಮೀನಿನಂಥ ಪೂರ್ವಜರಲ್ಲಿ ಅದು ಕಿವಿರಿನ ಕಡೆಗೆ ಹೋಗುವ ನೇರ ದಾರಿ. ಮುಂದಿನ ಜೀವಿಗಳಲ್ಲಿ ಕತ್ತು ಉದ್ದವಾಯಿತು, ಹೃದಯ ಕೆಳಗೆ ಸರಿಯಿತು. ನರ ರಕ್ತನಾಳಕ್ಕೆ ಸಿಕ್ಕಿಕೊಂಡೇ ಉದ್ದವಾಗುತ್ತಾ ಹೋಯಿತು. ಜಿರಾಫೆಯಲ್ಲಿ ಇದರ ಉದ್ದ 4 ಮೀಟರಿಗೂ ಜಾಸ್ತಿ.

ಇದನ್ನು ಒಂದು ಕೆಂಪು ದಾರದಲ್ಲಿ ತೋರಿಸಿದೆವು. ಮೊಮ್ಮಗಳು ಅಜ್ಜಿಯ ಎಡಕಿವಿಯ ಹಿಂದೆ ದಾರದ ತುದಿ ಇಟ್ಟು, ಕತ್ತಿನ ಪಕ್ಕದಿಂದ ಎದೆಯವರೆಗೆ ಇಳಿಸಿ, ಅಲ್ಲಿಂದ ತಿರುಗಿಸಿ ಗಂಟಲಿಗೆ ತರುತ್ತಾಳೆ. "ನೋಡಜ್ಜಿ, ಮಾತಾಡೋ ನರ ಸುಮ್ನೆ ಇಷ್ಟು ದೂರ ಸುತ್ತಿ ಬರುತ್ತೆ. ಯಾರಾದ್ರೂ ಯೋಚನೆ ಮಾಡಿ ಹಾಕಿದ್ರೆ ನೇರ ಹಾಕ್ತಿದ್ರು." ಅಜ್ಜಿಯ ಪಾತ್ರ ಮಾಡಿದ್ದು ನಮ್ಮಲ್ಲೊಬ್ಬನ ಸ್ವಂತ ಅಜ್ಜಿ. ಅವರಿಗೆ ಸಾಲು ಬರೆದುಕೊಟ್ಟಿದ್ದೆವು. ಅವರು ಅದನ್ನು ಹೇಳಲಿಲ್ಲ. ಎದೆಯ ಮೇಲಿದ್ದ ದಾರವನ್ನು ಬೆರಳಿನಲ್ಲಿ ಹಿಡಿದುಕೊಂಡು, "ಮಾತು ಎದೆ ಮುಟ್ಟಿ ಬಂದ್ರೆ ಒಳ್ಳೇದೇ ಅಲ್ವಾ ಪುಟ್ಟಿ" ಅಂದರು.

ಕ್ಯಾಮೆರಾ ಹಿಡಿದಿದ್ದವನ ಕೈ ಅಲುಗಿದ್ದು ಆ ಶಾಟಿನಲ್ಲಿ ಕಾಣುತ್ತದೆ. ಮತ್ತೆ ತೆಗೆಯಲಿಲ್ಲ. ನರದ ದಾರಿ ಹಾಗಿರುವುದು ವಿಕಾಸದಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿ ಅದನ್ನು ಅಲ್ಲಗಳೆಯಲೂ ಇಲ್ಲ. ಅವರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟರು. ನಾವು ಒಂದು ತಿಂಗಳಿಂದ ಬರೆಯಲು ಒದ್ದಾಡುತ್ತಿದ್ದದ್ದು ಅದನ್ನೇ.

ತಾಂತ್ರಿಕ ಕೆಲಸದಲ್ಲಿ ನಿಮಗೆ ಉಪಯೋಗವಾಗುವ ಕೆಲವು ಮಾತು. ಮೊದಲು ಯೂಟ್ಯೂಬಿನ ಎಂಡ್ ಸ್ಕ್ರೀನ್ ಬಳಸಿದೆವು. ವಿಡಿಯೊದ ಕೊನೆಯ 5ರಿಂದ 20 ಸೆಕೆಂಡ್ ಮಾತ್ರ ಲಿಂಕ್ ತೋರಿಸಬಹುದು. ಸುಲಭ, ಆದರೆ ಹಿಂದೆ ಏನು ಒತ್ತಿದಿರಿ ಎಂಬುದು ಅದಕ್ಕೆ ನೆನಪಿರುವುದಿಲ್ಲ. ನಮ್ಮ ಮುಕ್ತಾಯ ಎರಡನೇ ಆಯ್ಕೆಯನ್ನು ನೆನಪಿಡಬೇಕಿತ್ತು. ಹಾಗಾಗಿ ಟ್ವೈನ್ ಎಂಬ ಉಚಿತ ಸಾಧನಕ್ಕೆ ಬಂದೆವು. ಕವಲುಗಳನ್ನು ಚಿತ್ರದ ಹಾಗೆ ಜೋಡಿಸಬಹುದು, ಆಯ್ಕೆಯನ್ನು ನೆನಪಿಡುತ್ತದೆ, ಕೊನೆಗೆ ಒಂದೇ ಎಚ್‌ಟಿಎಂಎಲ್ ಫೈಲ್ ಕೊಡುತ್ತದೆ. ವಿಡಿಯೊ ಟ್ಯಾಗಿನಲ್ಲಿ 'playsinline' ಎಂಬ ಪದ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಐಫೋನಿನಲ್ಲಿ ವಿಡಿಯೊ ಪರದೆ ತುಂಬಿಕೊಂಡು ಬಟನ್ ಕಾಣದೇ ಹೋಗುತ್ತದೆ.

ಫೋನುಗಳು ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಹಿಡಿಯಬೇಕು ಎಂಬುದನ್ನು, ತಾವೇ ಏರಿಳಿಸುತ್ತವೆ. ಬೇರೆ ಫೋನಿನಲ್ಲಿ ಹಿಡಿದ ದನಿಯನ್ನು ಜೋಡಿಸಿದಾಗ ತುಟಿಗೂ ಮಾತಿಗೂ ತಾಳ ತಪ್ಪಿತು. ಎಲ್ಲವನ್ನೂ ಹ್ಯಾಂಡ್‌ಬ್ರೇಕ್ ಎಂಬ ಉಚಿತ ವಿಡಿಯೊ ಸಾಫ್ಟ್‌ವೇರಿನಲ್ಲಿ ಹಾಕಿ ಒಂದೇ ಸ್ಥಿರ ದರಕ್ಕೆ ತಂದ ಮೇಲೆ ಸರಿಹೋಯಿತು. ದನಿಗೆ ಇನ್ನೊಂದು ಫೋನನ್ನು ನಟರ ಬಟ್ಟೆಯೊಳಗೆ ಎದೆಯ ಹತ್ತಿರ ಇಟ್ಟೆವು. ಪ್ರತಿ ಶಾಟಿನ ಮುಂದೆ ಒಂದು ಚಪ್ಪಾಳೆ, ಜೋಡಿಸಲು ಅದೇ ಗುರುತು. ಯಾರೂ ಮಾತಾಡದ ಕೋಣೆಯ ಸದ್ದನ್ನೂ 30 ಸೆಕೆಂಡ್ ಹಿಡಿದಿಟ್ಟುಕೊಳ್ಳಿ, ಮಾತಿನ ನಡುವಿನ ಖಾಲಿ ಜಾಗ ತುಂಬಲು ಬೇಕಾಗುತ್ತದೆ.

ಬಟನ್ ಕಾಣುವಾಗ ಚಿತ್ರ ನಿಂತುಬಿಡಬಾರದು ಅಂತ ನಮಗೆ ತುಂಬಾ ಇತ್ತು. ಅದಕ್ಕೇ ಪ್ರತಿ ಕವಲಿಗೂ ಒಂದು ಕಾಯುವ ಶಾಟ್ ತೆಗೆದೆವು. ಇಬ್ಬರೂ ಮಾತಾಡದೆ 20 ಸೆಕೆಂಡ್ ಕೂರಬೇಕು, ಉಸಿರಾಡಬೇಕು, ಒಬ್ಬರನ್ನೊಬ್ಬರು ನೋಡಬೇಕು. ಅದನ್ನು ಸುತ್ತಿ ಸುತ್ತಿ ತೋರಿಸಿದೆವು. ಗಡಿಯಾರ ಹಾಕಲಿಲ್ಲ. 'ನನ್ನ ಮಗು ಎಲ್ಲಿಗೆ ಹೋಯ್ತು' ಎಂಬ ಪ್ರಶ್ನೆಗೆ ಯಾರನ್ನೂ ಅವಸರ ಮಾಡಬಾರದು.

ಒಂದು ಹೋಲಿಕೆಯನ್ನು ತುಂಬಾ ಇಷ್ಟಪಟ್ಟು ಬರೆದು ತೆಗೆದುಹಾಕಿದ್ದೂ ಇದೆ. ಚಿತ್ರದ ಕವಲುಗಳೂ ಜೀವವೃಕ್ಷದ ಕವಲುಗಳೂ ಒಂದೇ ಎಂಬ ಸಾಲು. ವಿಕಾಸದಲ್ಲಿ ಯಾರೂ ಬಟನ್ ಒತ್ತುವುದಿಲ್ಲ. ಯಾವ ಜೀವಿಯೂ ಬಯಸಿ ಬದಲಾಗುವುದಿಲ್ಲ. ಹುಟ್ಟಿನಲ್ಲೇ ಬಂದ ಸಣ್ಣ ವ್ಯತ್ಯಾಸಗಳಲ್ಲಿ ಬದುಕಿಗೆ ಒದಗಿದ್ದು ಮುಂದಿನ ಪೀಳಿಗೆಗೆ ಹೆಚ್ಚು ಹೋಗುತ್ತದೆ. ನೋಡಲು ಚೆಂದ ಅಂತ ತಪ್ಪು ಕಲಿಸುವುದು ಬೇಡ ಅನ್ನಿಸಿತು.

ಚಿತ್ರ ಮುಗಿದ ಮೇಲೆ ಅಜ್ಜಿಗೆ ಫೋನಿನಲ್ಲಿ ತೋರಿಸಿದೆವು. ನಿಧಾನವಾಗಿ ಒಂದೊಂದೇ ಒತ್ತುತ್ತಾ ಎರಡು ಸಲ ನೋಡಿದರು. ಆಮೇಲೆ ಕೇಳಿದರು: "ಎಲ್ಲಾ ಬಟನ್ನೂ ಅವಳಿಗೇ ಕೊಟ್ಟಿದ್ದೀರಲ್ಲ. ಅಜ್ಜಿಗೆ ಯಾಕಿಲ್ಲ?"

ಈಗ 15ನೇ ತುಣುಕು ಬರೆಯುತ್ತಿದ್ದೇವೆ. ಮೊಮ್ಮಗಳ ಮಾತು ಮುಗಿದ ಕೂಡಲೇ ಆಯ್ಕೆ ಅಜ್ಜಿಯ ಕೈಗೆ ಬರುತ್ತದೆ. ಎರಡು ಬಟನ್. ಒಂದರಲ್ಲಿ ಅಜ್ಜಿ ತನ್ನ ಮಗುವಿನ ಬಗ್ಗೆ ಕೇಳುತ್ತಾಳೆ. ಇನ್ನೊಂದನ್ನು ಅಜ್ಜಿಯೇ ಹೇಳಿ ಬರೆಸಿದರು: 'ಆ ಮೀನಿನ ಕಥೆ ಇನ್ನೊಂದು ಸಲ ಹೇಳು.'