ನಾಯಿಗೆ ಕೆಮ್ಮು ಬಂದರೆ ಮೊದಲು ಕುತ್ತಿಗೆ ಬೆಲ್ಟ್ ಬಿಚ್ಚಿ

ನಾಯಿಗೆ ಕೆನಲ್ ಕಾಫ್ (ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವ ಕೆಮ್ಮು) ಬಂದಿದ್ದರೆ ಕುತ್ತಿಗೆಯ ಬೆಲ್ಟ್ ಬಿಚ್ಚಿಡಿ. ಹೊರಗೆ ಕರೆದುಕೊಂಡು ಹೋಗಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಈ ಕಾಯಿಲೆಯಲ್ಲಿ ಶ್ವಾಸನಾಳ ಊದಿಕೊಂಡಿರುತ್ತದೆ. ಬೆಲ್ಟ್ ಸ್ವಲ್ಪ ಎಳೆದರೂ ಅಲ್ಲೇ ಒತ್ತುತ್ತದೆ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ಹಾಗೆ ಕೆಮ್ಮು ಮತ್ತೆ ಶುರುವಾಗುತ್ತದೆ. ಬಾತ್‌ರೂಮಿನಲ್ಲಿ ಬಿಸಿನೀರಿನ ಹಬೆ ತುಂಬಿಸಿ ಹತ್ತು ನಿಮಿಷ ಅದರ ಜೊತೆ ಕೂತರೂ ಕಫ ಸಡಿಲಾಗಿ ಆರಾಮ ಸಿಗುತ್ತದೆ. ಆದರೆ ನಮ್ಮ ಶಿರಸಿ ಕಡೆ ಬಚ್ಚಲ ಒಲೆಗೆ ಕಟ್ಟಿಗೆ ಹಾಕುತ್ತೇವಲ್ಲ, ಆ ಹೊಗೆಯಲ್ಲಿ ಮಾತ್ರ ಕೂರಿಸಬೇಡಿ. ಹೊಗೆಗೆ ಕೆಮ್ಮು ಇನ್ನೂ ಜಾಸ್ತಿಯಾಗುತ್ತದೆ. ಹಂಡೆಯ ನೀರನ್ನು ಬಕೆಟ್‌ಗೆ ತೋಡಿಕೊಂಡು ಬೇರೆ ಕೋಣೆಯಲ್ಲಿ ಹಬೆ ಕೊಡಿ, ಬಕೆಟ್ ನಾಯಿಗೆ ಎಟುಕದಂತಿರಲಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಹಬೆ ಬೇಡ, ಸೆಕೆಗೆ ಅವಕ್ಕೆ ಉಸಿರಾಡುವುದೇ ಕಷ್ಟ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದಕ್ಕೆ ಮೊದಲು ಊಟ ಹಾಕಿ, ಕೆಮ್ಮುವ ನಾಯಿಗೆ ಕೊನೆಗೆ. ನೀರಿನ ಬಟ್ಟಲು ಬೇರೆಯೇ ಇರಲಿ. ರೋಗ ತಗುಲಿ 2ರಿಂದ 14 ದಿನದೊಳಗೆ ಕೆಮ್ಮು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕಾರವಾರದ ಬೀಚಿಗೆ ವಾಕಿಂಗ್ ಕರೆದೊಯ್ಯುವವರು ದಯವಿಟ್ಟು ಕೆಲವು ವಾರ ನಿಲ್ಲಿಸಿ, ಅಲ್ಲಿನ ಬೀದಿನಾಯಿಗಳಿಗೂ ತಗುಲಿದರೆ ಔಷಧಿ ಕೊಡಿಸುವವರು ಯಾರಿದ್ದಾರೆ? ಇದೆಲ್ಲ ಬರೀ ಒಣಕೆಮ್ಮಿಗೆ, ಅದೂ ನಾಯಿ ಚೆನ್ನಾಗಿ ತಿಂದುಂಡು ಓಡಾಡಿಕೊಂಡಿದ್ದರೆ. ಊಟ ಬಿಟ್ಟಿದ್ದರೆ, ಜ್ವರ ಇದ್ದರೆ, ಮೂಗಿನಿಂದ ಹಳದಿ ಸಿಂಬಳ ಬಂದರೆ, ಏದುಸಿರು ಬಿಡುತ್ತಿದ್ದರೆ ನ್ಯುಮೋನಿಯಾ ಅಥವಾ ಡಿಸ್ಟೆಂಪರ್ ಎಂಬ ಅಪಾಯಕಾರಿ ವೈರಸ್ ರೋಗ ಇರಬಹುದು. ಮರಿಗಳಿಗಂತೂ ಕಾಯಲೇಬೇಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಕೆಮ್ಮಿನ ಸಿರಪ್, ಪ್ಯಾರಸಿಟಮಾಲ್ ಕೊಡಲೇಬಾರದು, ನಾಯಿಗೆ ಅವು ವಿಷವಾಗಬಹುದು.