ಆಟ್ರಿಬ್ಯೂಟ್ ಟೇಬಲ್ ಪಳಗಿಸಿದ ನನ್ನ ಅನುಭವ

ಸುಮಾರು 40 ಸಾವಿರ ಪಾಲಿಗನ್‌ಗಳ (ನಕ್ಷೆಯ ಮೇಲೆ ಗಡಿ ಎಳೆದ ತುಂಡುಗಳ) ಭೂಬಳಕೆ ವಿವರವನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ಆಟ್ರಿಬ್ಯೂಟ್ ಟೇಬಲ್‌ನಲ್ಲೇ, ಅಂದರೆ ಒಂದೊಂದು ತುಂಡಿಗೂ ಒಂದು ಸಾಲಿರುವ ಪಟ್ಟಿಯಲ್ಲೇ, ಕೂತು ತುಂಬುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಎಕ್ಸೆಲ್‌ಗೆ ತೆಗಿ, ತುಂಬು, ವಾಪಸ್ ನಕ್ಷೆಗೆ ಜಾಯಿನ್ ಮಾಡು, ಮುಗೀತು" ಅನ್ನುವುದೇ ಎಲ್ಲರ ಮಾತು. ಈಗ ಅವರಲ್ಲೇ ಮೂರ್ನಾಲ್ಕು ಜನ ಟೇಬಲ್, ಫಾರ್ಮ್‌ಗಳ ಜೋಡಣೆ ಉಳಿಸಿಟ್ಟ ನನ್ನ ಕ್ಯೂಎಂಎಲ್ ಫೈಲ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನಾನೂ ಅವರ ಮಾತು ಕೇಳಿದೆ. ಟೇಬಲನ್ನು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆದದ್ದೇ ತಡ, 3/12 ಅಂತಿದ್ದ ಪ್ಲಾಟ್ ಸಂಖ್ಯೆ ತಾರೀಖಾಯಿತು. 00417 ಅಂತಿದ್ದ ಕೋಡ್ 417 ಆಯಿತು. ಯಾವ ಕಾಲಂ ಯಾವ ಬಗೆಯದು ಅಂತ ಹೇಳುವ ಸಿಎಸ್‌ವಿಟಿ ಫೈಲ್ ಪಕ್ಕದಲ್ಲಿಟ್ಟರೆ ಕ್ಯೂಜಿಐಎಸ್ ಕಾಲಂಗಳನ್ನು ಪಠ್ಯವಾಗಿಯೇ ಓದುತ್ತದೆ, ನಿಜ. ಆದರೆ ಹಾಳಾದದ್ದು ಅದಕ್ಕೂ ಮುಂಚೆ. ಸಾವಿರದ ನೂರು ಸಾಲು ಕೆಟ್ಟಿತ್ತು. ಕೆಲಸ ಕೊಟ್ಟವರ ಕಡೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದು ಬಿಲ್‌ನ ಕಾಲುಭಾಗ ತಡೆಹಿಡಿದರು. ಇಬ್ಬರನ್ನು ಒಂಬತ್ತು ದಿನ ಕೂರಿಸಿ ಒಂದೊಂದೇ ಸಾಲು ಸರಿಮಾಡಿಸಿದೆ, ಕೂಲಿ ನನ್ನ ಕೈಯಿಂದ. ಆ ಕಂತಿನಲ್ಲಿ ನನಗೆ ಉಳಿದದ್ದು ಸೊನ್ನೆ.

ಎರಡನೇ ತಪ್ಪು ಇನ್ನೂ ದುಬಾರಿ. ಟೇಬಲನ್ನೇ ಎಕ್ಸೆಲ್‌ನಂತೆ ಮಾಡಿಬಿಡೋಣ, ಎಳೆದರೆ ಕೆಳಗೆ ತುಂಬಬೇಕು, ಒಂದು ಬ್ಲಾಕ್ ಪೇಸ್ಟ್ ಆಗಬೇಕು ಅಂತ ಪ್ಲಗಿನ್ ಬರೆಯುವ ಒಬ್ಬರಿಗೆ ಮುಂಗಡ ಕೊಟ್ಟೆ. ನನ್ನ ಒಬ್ಬ ಆಪರೇಟರ್‌ನ ತಿಂಗಳ ಸಂಬಳದಷ್ಟು ಹಣ. 500 ಸಾಲಿನ ಡೆಮೊದಲ್ಲಿ ಕುದುರೆಯಂತೆ ಓಡಿತು, ಪೂರ್ತಿ ಲೇಯರ್ ಹಾಕಿದಾಗ ಮಲಗಿತು. ವೇಗಕ್ಕೆಂದು ಅವರು ಎಡಿಟ್ ಬಫರ್ (ಸೇವ್ ಮಾಡುವ ತನಕ ಬದಲಾವಣೆಗಳು ಕಾಯುವ ಜಾಗ) ಬಿಟ್ಟು ಡೇಟಾ ಪ್ರೊವೈಡರ್ ಮೂಲಕ ನೇರವಾಗಿ ಫೈಲ್‌ಗೇ ಬರೆಸಿದರು. ಒಂದು ಸಂಜೆ ಮೂರು ಸಾವಿರ ಸಾಲು ಆಯ್ದು "ಕೆಳಗೆ ತುಂಬು" ಒತ್ತಿದೆ. ತೆರೆಯ ಮೇಲಿನ ಮೊದಲ ಸಾಲಿನಲ್ಲಿ "ವಸತಿ" ಇತ್ತು, ತುಂಬಿದ್ದು "ಪಾಳು". ಆಯ್ದ ಫೀಚರ್‌ಗಳ (ನಕ್ಷೆಯ ತುಂಡುಗಳ) ಪಟ್ಟಿ ಕೋಡ್‌ಗೆ ತೆರೆಯ ಮೇಲೆ ನಾವು ಜೋಡಿಸಿಕೊಂಡ ಕ್ರಮದಲ್ಲಿ ಬರುವುದಿಲ್ಲ. ಆ ಪಟ್ಟಿಯ ಮೊದಲನೆಯದರ ಮೌಲ್ಯವನ್ನೇ ಕೋಡ್ ಎತ್ತಿಕೊಂಡಿತ್ತು. ಕಂಟ್ರೋಲ್ ಝಡ್ ಒತ್ತಿದೆ. ಮತ್ತೆ ಒತ್ತಿದೆ. ಬಫರ್‌ಗೆ ಹೋಗದ ಬದಲಾವಣೆ ಅನ್‌ಡೂ ಆಗುವುದಾದರೂ ಹೇಗೆ? ಬ್ಯಾಕಪ್ ಎರಡು ದಿನ ಹಳೆಯದು.

ಮರುದಿನ ಗಡಿಯಾರ ಹಿಡಿದು ಆಪರೇಟರ್ ಬೆನ್ನ ಹಿಂದೆ ಕೂತೆ. ಒಂದು ದಾಖಲೆಗೆ ಸುಮಾರು 40 ಸೆಕೆಂಡು. ಅದರಲ್ಲಿ ಟೈಪಿಂಗ್ ಹತ್ತೂ ಇಲ್ಲ. ಉಳಿದದ್ದೆಲ್ಲ ಅಡ್ಡಕ್ಕೆ ಸ್ಕ್ರೋಲ್ ಮಾಡಿ ಕಾಲಂ ಹುಡುಕುವುದು, ಈ ಸಾಲು ನಕ್ಷೆಯಲ್ಲಿ ಯಾವ ತುಂಡು ಅಂತ ನೋಡುವುದು, ಕೀಬೋರ್ಡನ್ನು ಕನ್ನಡಕ್ಕೂ ಇಂಗ್ಲಿಷಿಗೂ ಬದಲಿಸುತ್ತಿರುವುದು. ಟೇಬಲ್‌ಗೆ ಇನ್ನಷ್ಟು ಶಕ್ತಿ ಬೇಕು ಅಂತ ದುಡ್ಡು ಸುರಿದಿದ್ದೆ. ಬೇಕಾಗಿದ್ದದ್ದು ಅದನ್ನು ಚಿಕ್ಕದು ಮಾಡುವುದು.

62 ಕಾಲಂ ಇದ್ದವು, ಏಳು ಉಳಿಸಿ ಮಿಕ್ಕವನ್ನು ಆರ್ಗನೈಸ್ ಕಾಲಮ್ಸ್‌ನಲ್ಲಿ ಮರೆಮಾಡಿದೆ. ಇಡೀ ಟೇಬಲ್ ತೆರೆಯುವ ಎಫ್6 ಬದಲು ಕಂಟ್ರೋಲ್ ಎಫ್6 ಅಭ್ಯಾಸ ಮಾಡಿಸಿದೆ, ನಕ್ಷೆಯಲ್ಲಿ ಕಾಣುವ ಫೀಚರ್‌ಗಳಷ್ಟೇ ಟೇಬಲ್‌ಗೆ ಬರುತ್ತವೆ. ಒಂದು ಸಲಕ್ಕೆ ನೂರೈವತ್ತೋ ಇನ್ನೂರೋ ಸಾಲು. ವಿಸ್ತೀರ್ಣಕ್ಕೆ ನಾಲ್ಕು ವರ್ಚುವಲ್ ಫೀಲ್ಡ್ (ಫೈಲ್‌ನಲ್ಲಿ ಉಳಿಯದೆ ಪ್ರತಿ ಸಲ ಹೊಸದಾಗಿ ಲೆಕ್ಕವಾಗುವ ಕಾಲಂ) ಇಟ್ಟಿದ್ದೆ, ಸ್ಕ್ರೋಲ್ ತಡವರಿಸುತ್ತಿದ್ದದ್ದು ಅವುಗಳಿಂದಲೇ. ಅವನ್ನು ಕಿತ್ತು ನಿಜವಾದ ಕಾಲಂ ಮಾಡಿ, ಡೀಫಾಲ್ಟ್ ಮೌಲ್ಯವಾಗಿ ವಿಸ್ತೀರ್ಣದ ಎಕ್ಸ್‌ಪ್ರೆಶನ್ (ಸೂತ್ರ) ಕೊಟ್ಟು, ದಾಖಲೆ ಬದಲಾದಾಗ ಮತ್ತೆ ಲೆಕ್ಕವಾಗುವಂತೆ "ಅಪ್ಲೈ ಆನ್ ಅಪ್‌ಡೇಟ್" ಟಿಕ್ ಮಾಡಿದೆ. ನಕ್ಷೆ ಉಳಿಸುವ ಹಳೆಯ ಬಗೆಯ ಫೈಲ್ ಆದ ಶೇಪ್‌ಫೈಲ್ ಬಿಟ್ಟು ಹೊಸ ಬಗೆಯ ಜಿಯೋಪ್ಯಾಕೇಜ್‌ಗೆ ಬಂದದ್ದು ಮೊದಲ ದಿನವೇ. ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಶೇಪ್‌ಫೈಲ್‌ನ ವಿವರ ಕೂರುವ ಡಿಬಿಎಫ್‌ನಲ್ಲಿ ಪಠ್ಯ ಕಾಲಂನ ಮಿತಿ 254 ಬೈಟ್. ಉದ್ದ ಷರಾ ಬರೆದರೆ ಬಾಲ ತುಂಡಾಗುತ್ತಿತ್ತು.

ನನಗೆ ಹೆಮ್ಮೆಯಿರುವುದು ಮುಂದಿನದರ ಬಗ್ಗೆ. ವ್ಯಾಲ್ಯೂ ಮ್ಯಾಪ್, ಅಂದರೆ ಉಳಿಸುವ ಮೌಲ್ಯಕ್ಕೂ ತೆರೆಯಲ್ಲಿ ಕಾಣುವ ವಿವರಣೆಗೂ ಜೋಡಿ ಹಾಕಿದ ಡ್ರಾಪ್‌ಡೌನ್, ಎಲ್ಲರೂ ಬಳಸುತ್ತಾರೆ. ನಾನು ಅದರ ವಿವರಣೆಯ ಮುಂದೆ ಅಂಕಿ ಹಾಕಿದೆ: "1 ವಸತಿ", "2 ತೋಟ", "3 ಪಾಳು", "4 ಕೊಳ". ಡ್ರಾಪ್‌ಡೌನ್ ಮೇಲೆ ಫೋಕಸ್ ಇದ್ದಾಗ 4 ಒತ್ತಿದರೆ ಸಾಕು, "ಕೊಳ" ಆಯ್ಕೆಯಾಗುತ್ತದೆ. ದತ್ತಾಂಶದಲ್ಲಿ ಉಳಿಯುವುದು ಅಂಕಿಯಿಲ್ಲದ ಪದ. ಭಾಷೆ ಬದಲಿಸುವ ಗೋಜಿಲ್ಲ, ಮೌಸ್ ಇಲ್ಲ. ಬಲಗೈ ನಂಬರ್ ಪ್ಯಾಡ್ ಬಿಟ್ಟು ಏಳುವುದೇ ಇಲ್ಲ. ಆಯ್ಕೆಗಳು ಒಂಬತ್ತು ದಾಟದಂತೆ ನೋಡಿಕೊಳ್ಳಿ. ದಾಟಿದರೆ ಎರಡು ಕಾಲಂ ಮಾಡಿ.

ಇದಕ್ಕೆ ಮುಂಚೆ ಹಳೆಯ ಕಸ ಗುಡಿಸಬೇಕಾಯಿತು. ಅನನ್ಯ ಮೌಲ್ಯಗಳ ಪಟ್ಟಿ ತೆಗೆದರೆ "ಕೊಳ" ಎರಡು ಸಲ! ಕಣ್ಣಿಗೆ ಒಂದೇ, ಬಾಲದಲ್ಲಿ ಸ್ಪೇಸೂ ಇಲ್ಲ. ಒಂದರಲ್ಲಿ "ೊ" ಒಂದೇ ಕೋಡ್, ಇನ್ನೊಂದರಲ್ಲಿ "ೆ" ಮತ್ತು "ೂ" ಬೇರೆ ಬೇರೆಯಾಗಿ ಕೂತಿದ್ದವು. ಹಳೆಯ ಫಾಂಟ್‌ನಿಂದ ಪರಿವರ್ತಿಸಿದ ಪಠ್ಯ ಅದು. ಪೈಥಾನ್‌ನಲ್ಲಿ ಬಿಡಿ ಕೋಡ್‌ಗಳನ್ನು ಕೂಡಿಸಿ ಒಂದು ಮಾಡುವ ಎನ್‌ಎಫ್‌ಸಿ ನಾರ್ಮಲೈಸ್ ಓಡಿಸಿದ ಮೇಲೆ ಎರಡೂ ಒಂದಾದವು.

"ಕೆಳಗೆ ತುಂಬು" ಮಾತ್ರ ನಾನೇ ಬರೆದೆ, ಮೂವತ್ತು ಸಾಲಿನ ಪೈಥಾನ್. ಎಲ್ಲ ಬದಲಾವಣೆಯೂ ಬಿಗಿನ್‌ಎಡಿಟ್‌ಕಮಾಂಡ್, ಎಂಡ್‌ಎಡಿಟ್‌ಕಮಾಂಡ್ ನಡುವೆ. 200 ಸಾಲು ತಪ್ಪಿದರೂ ಒಂದೇ ಕಂಟ್ರೋಲ್ ಝಡ್‌ಗೆ ಹಿಂದಕ್ಕೆ. ಯಾವ ಸಾಲಿನಿಂದ ಮೌಲ್ಯ ಎತ್ತಬೇಕು ಅನ್ನುವುದನ್ನು ನಾನು ಹಿಡಿಯುವ ಬಗೆ ನನ್ನಲ್ಲೇ ಇರಲಿ, ಹೊಟ್ಟೆಪಾಡಿನ ವಿಷಯ. ಸ್ಕ್ರಿಪ್ಟ್ ಬೇಡವೆನ್ನುವವರಿಗೆ ಆಯ್ದ ಸಾಲುಗಳನ್ನೆಲ್ಲ ಒಟ್ಟಿಗೆ ಬದಲಿಸುವ ಫಾರ್ಮ್ ನೋಟದ ಮಲ್ಟಿ ಎಡಿಟ್ ಇದೆ. ಟೇಬಲ್‌ನ ಮೇಲಂಚಿನ ಪಟ್ಟಿಯ "ಅಪ್‌ಡೇಟ್ ಸೆಲೆಕ್ಟೆಡ್" ಕೂಡ ನಡೆಯುತ್ತದೆ, ಆದರೆ ಪಕ್ಕದಲ್ಲೇ "ಅಪ್‌ಡೇಟ್ ಆಲ್" ಕೂತಿದೆ. ಸಂಜೆ ಹೊತ್ತು ದಣಿದ ಕೈಗೆ ಅದನ್ನು ನಾನು ಬಿಡುವುದಿಲ್ಲ.

ನಡುವೆ ಒಂದು ಪೆಡಲ್ ತಂದು ಕಾಲಲ್ಲಿ ಸೇವ್ ಮಾಡಿಸಿ ನೋಡಿದೆ. ಯೋಚನೆ ಮಾಡುವಾಗ ಕಾಲು ತಾನಾಗಿ ಒತ್ತುತ್ತದೆ, ಎರಡೇ ದಿನಕ್ಕೆ ಎತ್ತಿಟ್ಟೆ. ಖಾಲಿ ಕೋಶಗಳಿಗೆ ಕಂಡೀಷನಲ್ ಫಾರ್ಮ್ಯಾಟ್‌ನಲ್ಲಿ ಹಳದಿ ಬಣ್ಣ ಕೊಟ್ಟದ್ದು ಮಾತ್ರ ಉಳಿಯಿತು.

ಇನ್ನೊಂದು ಪ್ರಯೋಗ ಹಣವನ್ನೇ ಉಳಿಸಿತು. ಜಿಯೋಪ್ಯಾಕೇಜ್ ಅಂದರೆ ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್, ಹಾಗಾಗಿ ಟ್ರಿಗರ್ (ದಾಖಲೆ ಬದಲಾದಾಗ ತಾನಾಗಿ ಓಡುವ ಆಜ್ಞೆ) ಹಾಕಬಹುದು. ಅಪ್‌ಡೇಟ್ ಆದಾಗಲೆಲ್ಲ ಹಳೆ ಮೌಲ್ಯ, ಹೊಸ ಮೌಲ್ಯ, ಸಮಯ ಬೇರೊಂದು ಟೇಬಲ್‌ಗೆ ಹೋಗುವಂತೆ ಮಾಡಿದೆ. ಹಳೆಯದು ಹೊಸದು ಬೇರೆಯಾಗಿದ್ದರೆ ಮಾತ್ರ ಅನ್ನುವ ಷರತ್ತು ಮರೆಯಬೇಡಿ. ನಾನು ಮೊದಲು ಮರೆತು, ಮುಟ್ಟದ ಕಾಲಂಗಳೂ ದಾಖಲಾಗಿ ಫೈಲ್ ಊದಿಕೊಂಡಿತ್ತು. ಒಬ್ಬೊಬ್ಬರಿಗೂ ಬೇರೆ ಫೈಲ್, ಅವರವರ ಯಂತ್ರದಲ್ಲೇ. ಹಂಚಿಕೊಂಡ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಇಬ್ಬರು ಒಂದನ್ನೇ ತೆರೆದರೆ ಲಾಕ್ ಜಗಳ ತಪ್ಪಿದ್ದಲ್ಲ.

ಕೊನೆಗೆ ಒಂದು ದಾಖಲೆಗೆ 12, 13 ಸೆಕೆಂಡಿಗೆ ಬಂತು. ಮೂವರಿಗೆ ಒಂದೂವರೆ ತಿಂಗಳು ಅಂತ ಹಾಕಿದ್ದ ಲೆಕ್ಕ ಎರಡೂವರೆ ವಾರದಲ್ಲಿ ಮುಗಿಯಿತು. ಕೆಲಸ ಕೊಟ್ಟವರು ಸುಮಾರು 300 ಸಾಲು ನೀವೇ ಕೆಡಿಸಿದ್ದೀರಿ ಅಂದಾಗ ಟ್ರಿಗರ್‌ನ ಟೇಬಲ್ ತೆರೆದು ತೋರಿಸಿದೆ. ಆ ಸಾಲುಗಳನ್ನು ನಾವು ಮುಟ್ಟೇ ಇರಲಿಲ್ಲ, ಬಂದದ್ದೇ ಹಾಗೆ. ತಡೆಹಿಡಿದಿದ್ದ ಕಾಲುಭಾಗವೂ ಸೇರಿ ಬಿಲ್ ಪೂರ್ತಿ ಕೈಗೆ ಬಂತು.